ಭಂಗಿ ಸೊಪ್ಪು, ಗಸಗಸೆ ಮತ್ತು ದೊಡ್ಡಪ್ಪನ ನೋವು

ಮೊನ್ನೆ ಊರಿಗೆ ಹೋಗಿದ್ದೆ. ಊರು ಅಂದ್ರೆ ನಾಗಮಂಗಲ ತಾಲ್ಲೂಕಿನ ಬಿಂಡಿಗನವಿಲೆ ಹೋಬಳಿ. ಗರುಡನ ದೇವಸ್ಥಾನ ಇರೋ ಬಿಂಡಿಗನವಿಲೆ ಅಂದ್ರೆ ಕೆಲವರಿಗೆ ತಕ್ಷಣ ಗೊತ್ತಾಗುತ್ತೆ. ಗೊತ್ತಾಗದವರಿಗೆ ಬೆಳ್ಳೂರು ಕ್ರಾಸ್ ಕಡೆ ಅಂತ ಹೇಳಿ ಸುಮ್ಮನಾಗ್ತೀನಿ. ಪೂಜೆ ಮುಗಿಸಿಕೊಂಡು ಬಂದು ಜಗಲಿ ಮೇಲೆ ಕೂತಿದ್ವಿ. ಪೇಪರ್‌ನಲ್ಲಿ ಒಂದು ಸುದ್ದಿ: ಕಬ್ಬಿನ ಗದ್ದೆ ಮಧ್ಯೆ ಗಾಂಜಾ ಬೆಳೆದಿದ್ದ ರೈತನನ್ನು ಪೊಲೀಸರು ಹಿಡಿದಿದ್ದಾರೆ, ಇಷ್ಟು ಕೆಜಿ ಹಸಿ ಗಿಡ ವಶ. ಮಂಡ್ಯ, ಚಾಮರಾಜನಗರ ಪುಟ ಓದೋರಿಗೆ ಇದೇನೂ ಹೊಸ ಸುದ್ದಿ ಅಲ್ಲ ಬಿಡಿ. ಆದರೆ ಪಕ್ಕದಲ್ಲಿ ಕೂತಿದ್ದ ಎಂಬತ್ತು ದಾಟಿದ ಹಿರಿಯರೊಬ್ಬರು, "ನಮ್ಮಪ್ಪನ ಕಾಲ್ದಲ್ಲಿ ಇದನ್ನ ಸರ್ಕಾರ್ದೋರೇ ಲೈಸನ್ಸ್ ಕೊಟ್ಟು ಅಂಗ್ಡೀಲಿ ಮಾರುಸ್ತಿದ್ರು ಕಣಪ್ಪಾ, ಈಗ ಗಿಡ ಕಂಡ್ರೆ ಜೈಲು" ಅಂದರು. ಎಲ್ಲರೂ ನಕ್ಕರು.

ನನಗೆ ಮಾತ್ರ ದೊಡ್ಡಪ್ಪ ನೆನಪಾದರು.

2004ರ ಮಾತು. ದೊಡ್ಡಪ್ಪನಿಗೆ ದವಡೆ ಕ್ಯಾನ್ಸರ್. ಐವತ್ತು ವರ್ಷ ಎಲೆ ಅಡಿಕೆ ಹೊಗೆಸೊಪ್ಪು ಹಾಕಿದ ಬಾಯಿ. ಪಟ್ಟಣದ ಆಸ್ಪತ್ರೆಯಲ್ಲಿ ಕರೆಂಟು ಕೊಟ್ಟರು (ನಮ್ಮ ಕಡೆ ರೇಡಿಯೇಷನ್‌ಗೆ ಹಾಗೇ ಅನ್ನೋದು), ಆಮೇಲೆ "ಇನ್ನೇನೂ ಮಾಡೋದಿಲ್ಲ, ಮನೆಗೆ ಕರ್ಕೊಂಡು ಹೋಗಿ" ಅಂದರು. ಮನೆಗೆ ಕರೆದುಕೊಂಡು ಬಂದ ಮೇಲೆ ಇನ್ನೂ ಮೂರು ತಿಂಗಳು ಇದ್ದರು. ಆ ಮೂರು ತಿಂಗಳ ರಾತ್ರಿಗಳನ್ನು ಆ ಬೀದಿಯವರು ಯಾರೂ ಮರೆತಿಲ್ಲ. ಬರೆದುಕೊಟ್ಟಿದ್ದ ಮಾತ್ರೆಗಳು ಮೊದಲ ಎರಡು ವಾರಕ್ಕೇ ಸಾಕಾಗದೆ ಹೋದವು. ಮಾರ್ಫಿನ್ ಅಂತ ಒಂದು ಮಾತ್ರೆ ಇದೆಯಂತೆ ಅಂತ ಯಾರೋ ಹೇಳಿದರು. ಅಣ್ಣ ಮೂರು ಊರಿನ ಮೆಡಿಕಲ್ ಶಾಪು ಸುತ್ತಿದ. ಒಬ್ಬ ಅಂಗಡಿಯವನಂತೂ ಕಳ್ಳನನ್ನು ನೋಡಿದ ಹಾಗೆ ನೋಡಿದನಂತೆ. ಕೊನೆಗೆ ಊರಿನ ಒಬ್ಬರು ಒಂದು ಪೊಟ್ಟಣ ಭಂಗಿ ಸೊಪ್ಪು ತಂದುಕೊಟ್ಟರು. ದೊಡ್ಡಮ್ಮ ಅದನ್ನು ಹಾಲು ಬೆಲ್ಲದಲ್ಲಿ ಅರೆದು ರಾತ್ರಿ ಹೊತ್ತು ಕೊಡುತ್ತಿದ್ದಳು. ಕೆಲವು ರಾತ್ರಿ ನಿದ್ದೆ ಮಾಡಿದರು. ಕೆಲವು ರಾತ್ರಿ ಹೆದರಿ, ಸತ್ತು ನಲವತ್ತು ವರ್ಷವಾಗಿದ್ದ ತಮ್ಮ ತಾಯಿಯನ್ನು ಕರೆದು ಅತ್ತರು. ಹಾಗಾಗಿ "ಗಾಂಜಾ ಎಲ್ಲ ನೋವಿಗೂ ಸಂಜೀವಿನಿ" ಅನ್ನೋರ ಮಾತೂ ನನಗೆ ಪೂರ್ತಿ ಗಂಟಲಲ್ಲಿ ಇಳಿಯೋದಿಲ್ಲ, "ಅದು ಬರೀ ವಿಷ" ಅನ್ನೋರ ಮಾತೂ ಇಳಿಯೋದಿಲ್ಲ.

ಈಗ ಅಮೆರಿಕದ ಕಡೆ ಇದೇ ದೊಡ್ಡ ಚರ್ಚೆ. ನೋವಿಗೆ ಅಫೀಮಿನ ಜಾತಿಯ ಮಾತ್ರೆಗಳನ್ನು ಕೊಟ್ಟೂ ಕೊಟ್ಟೂ ಲಕ್ಷಗಟ್ಟಲೆ ಜನ ಸತ್ತರು, ಅದರ ಬದಲು ಗಾಂಜಾ ಕೊಡಬಹುದಾ ಅಂತ. ಓದ್ತಾ ಹೋದ ಹಾಗೆ ಗೊತ್ತಾಗಿದ್ದೇನಪ್ಪ ಅಂದ್ರೆ, ಈ ಎರಡು ಗಿಡಗಳ ಜಗಳ ನಮ್ಮ ದೇಶದಲ್ಲೇ ಶುರುವಾದದ್ದು, ಅದೂ 180 ವರ್ಷಕ್ಕೂ ಹಿಂದೆ. ಸ್ವಲ್ಪ ಉದ್ದದ ಕಥೆ, ಕಾಫಿ ಮಾಡ್ಕೊಂಡು ಬನ್ನಿ.

ಮೊದಲು ಹೆಸರುಗಳು. ಗಿಡ ಒಂದೇ, ಹೆಸರು ಮೂರು. ಎಲೆ ಅರೆದರೆ ಭಂಗಿ. ಹೆಣ್ಣು ಗಿಡದ ಹೂ ತುದಿ ಒಣಗಿಸಿದರೆ ಗಾಂಜಾ. ಅಂಟು ತೆಗೆದರೆ ಚರಸ್. ಈ ವ್ಯತ್ಯಾಸ ನೆನಪಿಟ್ಟುಕೊಳ್ಳಿ, ಮುಂದೆ ಕೋರ್ಟಿನಲ್ಲಿ ಬೇಕಾಗುತ್ತೆ. ಅಥರ್ವವೇದದಲ್ಲಿ 'ಭಂಗ' ಅಂತ ಒಂದು ಗಿಡದ ಹೆಸರು ಬರುತ್ತೆ, ಆದರೆ ಅದು ಇದೇನಾ ಅಂತ ವಿದ್ವಾಂಸರಲ್ಲೇ ಜಗಳ ಇದೆ. ಆಯುರ್ವೇದದಲ್ಲಿ ಇದಕ್ಕೆ ವಿಜಯಾ ಅಂತ ಹೆಸರು. ಶಾರ್ಙ್ಗಧರ ಸಂಹಿತೆಯಲ್ಲಿ, ಜೀರ್ಣವಾಗೋಕೆ ಮುಂಚೆಯೇ ಮೈಯೆಲ್ಲ ಹರಡಿಕೊಳ್ಳುವ ದ್ರವ್ಯಗಳಿಗೆ ಉದಾಹರಣೆ ಕೊಡೋವಾಗ ಎರಡು ಹೆಸರು ಒಟ್ಟಿಗೆ ಬರುತ್ತವೆ: ಭಂಗಾ ಮತ್ತು ಅಹಿಫೇನ. ಅಹಿಫೇನ ಅಂದ್ರೆ ಅಫೀಮು. ಎರಡೂ ಒಂದೇ ಸಾಲಿನಲ್ಲಿ ನೆರೆಹೊರೆಯವರ ಹಾಗೆ ಕೂತಿವೆ. ಅರಬ್ಬರ 'ಅಫ್ಯೂನ್' ಸಂಸ್ಕೃತಕ್ಕೆ ಬಂದಾಗ ಪಂಡಿತರು ಅದನ್ನು ಅಹಿಫೇನ, ಅಂದರೆ ಹಾವಿನ ನೊರೆ ಅಂತ ಮಾಡಿಕೊಂಡರು. ಗರುಡನ ಊರಿನವನಾದ ನನಗೆ ಇದನ್ನು ಓದಿ ಒಂಥರಾ ಖುಷಿ ಆಯ್ತು :)

ನಮ್ಮ ಸೀಮೆಯಲ್ಲಿ ಭಂಗಿ ಅಪರಿಚಿತ ಏನಲ್ಲ. ನೀಲಗಾರರು ಹಾಡುವ ಮಂಟೇಸ್ವಾಮಿ, ಸಿದ್ಧಪ್ಪಾಜಿ ಪರಂಪರೆಯಲ್ಲಿ ಭಂಗಿಗೆ ಜಾಗ ಇದೆ. ಉತ್ತರ ಕರ್ನಾಟಕದ ಕೆಲವು ಶರಣ, ಅವಧೂತ, ಆರೂಢ ಪಂಥಗಳಲ್ಲೂ ಇದೆ. ತಿಂಥಣಿ ಮೌನೇಶ್ವರ ಜಾತ್ರೆಯ ವಿಷಯ 2020ರಲ್ಲಿ ಪೇಪರ್‌ನಲ್ಲಿ ಬಂದಾಗ ಬೆಂಗಳೂರಿನ ಜನ ಬೆಚ್ಚಿಬಿದ್ದರು. ಹಳ್ಳಿಯವರು ಯಾರೂ ಬೀಳಲಿಲ್ಲ.

ಇನ್ನು ಅಫೀಮಿನ ಗಿಡ. ಅದನ್ನು ನೀವೂ ತಿಂದಿದ್ದೀರಿ. ಗಸಗಸೆ ಬೇರೇನೂ ಅಲ್ಲ, ಅಫೀಮು ಗಿಡದ ಬೀಜ. ಕಾಯಿ ಹಸಿಯಾಗಿದ್ದಾಗ ಗೀರಿದರೆ ಬರುವ ಹಾಲು ಒಣಗಿ ಅಫೀಮಾಗುತ್ತೆ, ಕಾಯಿ ಬಲಿತು ಒಣಗಿದರೆ ಒಳಗಿನ ಬೀಜ ಗಸಗಸೆ. ಟಿಪ್ಪು ಸತ್ತ ಮರುವರ್ಷ, 1800ರಲ್ಲಿ, ಕಂಪನಿಯವರು ಫ್ರಾನ್ಸಿಸ್ ಬುಕಾನನ್ ಅನ್ನೋ ಡಾಕ್ಟರನ್ನು ಮೈಸೂರು ಸೀಮೆ ಸುತ್ತಿ ಬಾ ಅಂತ ಕಳಿಸಿದರು. ಆತ ಶ್ರೀರಂಗಪಟ್ಟಣದಿಂದ ಹಿಡಿದು ನಮ್ಮ ನಾಗಮಂಗಲ, ಬೆಳ್ಳೂರಿನವರೆಗೂ ಓಡಾಡಿದ್ದಾನೆ. ಕೋಲಾರದ ಕಡೆ ಗಸಗಸೆ ಗಿಡ ಬೆಳೆಯೋದನ್ನು ನೋಡಿ, ಅಫೀಮಿಗೂ ಆಯ್ತು, ಸಿಹಿ ತಿಂಡಿಗೆ ಹಾಕುವ ಬೀಜಕ್ಕೂ ಆಯ್ತು ಅಂತ ಬರೆದಿದ್ದಾನೆ. ಗಸಗಸೆ ಪಾಯಸ ಕುಡಿದು ಮಧ್ಯಾಹ್ನ ನಿದ್ದೆ ಹೊಡೆಯೋದಕ್ಕೆ ಅಫೀಮು ಕಾರಣ ಅಂತ ನಮ್ಮಲ್ಲಿ ಒಂದು ನಂಬಿಕೆ ಇದೆ. ಬೀಜದಲ್ಲಿ ಅಂಥದ್ದು ಹೆಚ್ಚುಕಮ್ಮಿ ಏನೂ ಇರೋದಿಲ್ಲ. ಆರು ಹೋಳಿಗೆ ತಿಂದದ್ದು ಕಾರಣ! ಆದರೆ ದುಬೈಗೆ ಹೋಗೋರು ಮಾತ್ರ ಗಸಗಸೆ ಪೊಟ್ಟಣ ಕಟ್ಟಿಕೊಂಡು ಹೋಗಬೇಡಿ, ಅಲ್ಲಿ ಅದಕ್ಕೂ ನಿಷೇಧ ಇದೆ.

ಆ ಕಾಲದಲ್ಲಿ ನೋವು ಅಂದ್ರೆ ಹೇಗಿತ್ತು ಅನ್ನೋದಕ್ಕೆ ಶ್ರೀರಂಗಪಟ್ಟಣದ ಯುದ್ಧಗಳೇ ಸಾಕು. 1792ರ ಯುದ್ಧದಲ್ಲಿ ಇಂಗ್ಲಿಷರ ಕಡೆ ಎತ್ತಿನ ಗಾಡಿ ಹೊಡೆಯುತ್ತಿದ್ದ ಕಾವಸ್‌ಜಿ ಅನ್ನೋನು ಟಿಪ್ಪು ಕಡೆಯವರಿಗೆ ಸಿಕ್ಕಿಬಿದ್ದು ಮೂಗು ಕಳೆದುಕೊಂಡ. ಆಮೇಲೆ ನಮ್ಮ ದೇಶದ ವೈದ್ಯನೊಬ್ಬ ಹಣೆಯ ಚರ್ಮ ತೆಗೆದು ಅವನಿಗೆ ಹೊಸ ಮೂಗು ಕಟ್ಟಿದ. 1794ರಲ್ಲಿ ಲಂಡನ್ನಿನ ಪತ್ರಿಕೆಯಲ್ಲಿ ಚಿತ್ರ ಸಮೇತ ಅದು ಬಂದು ಇಡೀ ಯುರೋಪು ಬೆರಗಾಯಿತು. ಪ್ಲಾಸ್ಟಿಕ್ ಸರ್ಜರಿ ಪುಸ್ತಕಗಳಲ್ಲೆಲ್ಲ ಈ ಕಥೆ ಇದೆ. ನಾವು ಹೆಮ್ಮೆಯಿಂದ ಹೇಳಿಕೊಳ್ತೀವಿ. ಆದರೆ ಹಣೆಯ ಚರ್ಮ ಸುಲಿಯುವಾಗ ಆ ಮನುಷ್ಯ ಎಚ್ಚರವಾಗಿದ್ದ ಅನ್ನೋದನ್ನು ಯಾರೂ ಯೋಚಿಸೋದಿಲ್ಲ. ಈಥರ್ ಕೊಟ್ಟು ಆಪರೇಷನ್ ಮಾಡೋದನ್ನು ಜಗತ್ತು ನೋಡಿದ್ದು 1846ರಲ್ಲಿ. ಅಲ್ಲಿಯವರೆಗೆ ಇದ್ದದ್ದು ಅಫೀಮು, ಸಾರಾಯಿ, ಭಂಗಿ, ಮತ್ತೆ ಹಿಡಿದುಕೊಳ್ಳೋಕೆ ನಾಲ್ಕು ಜನ.

ಈಗ ನಮ್ಮ ಕಥಾನಾಯಕ ಬರ್ತಾನೆ. ಹೆಸರು ವಿಲಿಯಂ ಬ್ರೂಕ್ ಓಶಾನೆಸ್ಸಿ. ಐರಿಷ್ ಡಾಕ್ಟರು, 1809ರಲ್ಲಿ ಹುಟ್ಟಿದ್ದು, 1833ರಲ್ಲಿ ಇಂಡಿಯಾಕ್ಕೆ ಬಂದ. ಇಪ್ಪತ್ತೆರಡರ ಹುಡುಗನಾಗಿದ್ದಾಗಲೇ ಕಾಲರಾ ರೋಗಿಗಳ ರಕ್ತ ಪರೀಕ್ಷೆ ಮಾಡಿ, ಇವರು ಸಾಯೋದು ನೀರು ಉಪ್ಪು ಕಳೆದುಕೊಂಡು, ಅದನ್ನೇ ವಾಪಸ್ ಕೊಡಬೇಕು ಅಂದಿದ್ದ. ಇವತ್ತು ಆಸ್ಪತ್ರೆಯಲ್ಲಿ ಹಾಕೋ ಡ್ರಿಪ್‌ನ ಮೂಲ ಆ ಮಾತಿನಲ್ಲಿದೆ. ಕಲ್ಕತ್ತಾ ಮೆಡಿಕಲ್ ಕಾಲೇಜಿನಲ್ಲಿ ಪ್ರೊಫೆಸರ್ ಆಗಿದ್ದಾಗ ಇಲ್ಲಿನ ಜನ ಗಾಂಜಾವನ್ನು ಔಷಧಿಗೆ ಬಳಸೋದನ್ನು ನೋಡಿದ. ಸುಮ್ಮನೆ ನಗಲಿಲ್ಲ. ಪಂಡಿತ ಮಧುಸೂದನ ಗುಪ್ತರ ಹತ್ತಿರ (1836ರಲ್ಲಿ ಅದೇ ಕಾಲೇಜಿನಲ್ಲಿ ಹೆಣ ಕೊಯ್ದು ಸಂಪ್ರದಾಯ ಮುರಿದವರು ಇವರೇ) ಸಂಸ್ಕೃತ ಗ್ರಂಥಗಳಲ್ಲಿ ಏನಿದೆ ಕೇಳಿದ, ಪಾರಸಿ ಬಲ್ಲವರ ಹತ್ತಿರ ಯುನಾನಿ ಪುಸ್ತಕಗಳಲ್ಲಿ ಏನಿದೆ ಕೇಳಿದ. ಆಮೇಲೆ ನಾಯಿ, ಬೆಕ್ಕು, ಮೇಕೆ, ಮೀನು, ಹದ್ದುಗಳ ಮೇಲೆಲ್ಲ ಪ್ರಯೋಗ ಮಾಡಿದ. ಮಾಂಸ ತಿನ್ನುವ ಪ್ರಾಣಿಗಳಿಗೆ ಚೆನ್ನಾಗಿ ಏರಿತು, ಹುಲ್ಲು ತಿನ್ನುವವಕ್ಕೆ ಅಷ್ಟು ಏರಲಿಲ್ಲ ಅಂತ ಬರೆದುಕೊಂಡ. ಯಾವುದೂ ಸಾಯಲಿಲ್ಲ ಅಂತ ಖಾತ್ರಿಯಾದ ಮೇಲೆ ರೋಗಿಗಳಿಗೆ ಕೊಟ್ಟ.

ಕೀಲುನೋವಿನವರಿಗೆ ಕೊಟ್ಟಾಗ ನೋವು ಕಡಿಮೆಯಾಗಿ ಹಸಿವು ಹೆಚ್ಚಿತು. ಒಬ್ಬ ಮಾತ್ರ ಕೈಯನ್ನು ಎತ್ತಿ ಹೇಗಿಟ್ಟರೆ ಹಾಗೇ ಇಟ್ಟುಕೊಂಡು ಗೊಂಬೆಯ ಥರ ಮಲಗಿಬಿಟ್ಟ, ಡಾಕ್ಟರೇ ಗಾಬರಿಯಾದ. ಹುಚ್ಚು ನಾಯಿ ಕಚ್ಚಿದವನಿಗೆ ಕೊಟ್ಟ. ಅವನು ಬದುಕಲಿಲ್ಲ, ಆದರೆ ಸಾಯುವ ಮುಂಚಿನ ನರಕ ಕಡಿಮೆಯಾಯಿತು, ಅಷ್ಟಾದರೂ ಆಯಿತಲ್ಲ ಅನ್ನೋ ಅರ್ಥದಲ್ಲಿ ಬರೆದ. ಧನುರ್ವಾಯು ಬಂದವರಿಗೆ ಕೊಟ್ಟ, ಅದರಲ್ಲಿ ಕೆಲವರು ಉಳಿದರು. 1839ರಲ್ಲಿ ಇದನ್ನೆಲ್ಲ ಕಲ್ಕತ್ತಾದ ವೈದ್ಯರ ಮುಂದೆ ಓದಿದ. ಎರಡು ಮೂರು ವರ್ಷ ಬಿಟ್ಟು ಲಂಡನ್ನಿಗೆ ಹೋಗುವಾಗ ಗಾಂಜಾ ಕಟ್ಟಿಕೊಂಡೇ ಹೋದ. ಅಲ್ಲಿ ಪೀಟರ್ ಸ್ಕ್ವೈರ್ ಅನ್ನೋ ಔಷಧಿ ವ್ಯಾಪಾರಿ ಅದರ ಸಾರ ತೆಗೆದು ಮಾರೋಕೆ ಶುರು ಮಾಡಿದ. ಐವತ್ತು ವರ್ಷ ವಿಲಾಯಿತಿ ಡಾಕ್ಟರುಗಳು ತಲೆನೋವು, ಮುಟ್ಟಿನ ನೋವು, ನರದ ನೋವಿಗೆಲ್ಲ 'ಇಂಡಿಯನ್ ಹೆಂಪ್' ಬರೆದುಕೊಟ್ಟರು. ವಿಕ್ಟೋರಿಯಾ ರಾಣಿಯೂ ತಗೊಳ್ತಿದ್ದಳು ಅಂತ ಇಂಟರ್ನೆಟ್ಟಿನಲ್ಲಿ ಓಡಾಡುತ್ತೆ. ಅವಳ ಡಾಕ್ಟರಲ್ಲಿ ಒಬ್ಬನಾದ ರಸೆಲ್ ರೆನಾಲ್ಡ್ಸ್ 1890ರಲ್ಲಿ ತನ್ನ 30 ವರ್ಷದ ಗಾಂಜಾ ಅನುಭವ ಬರೆದದ್ದು ನಿಜ. ರಾಣಿಗೆ ಕೊಟ್ಟ ಅನ್ನೋದಕ್ಕೆ ಆಧಾರ ಇಲ್ಲ, ಫಾರ್ವರ್ಡ್ ಮಾಡೋರು ದಯವಿಟ್ಟು ನಿಲ್ಲಿಸಿ.

ಓಶಾನೆಸ್ಸಿ ಆಮೇಲೆ ಏನು ಮಾಡಿದ ಗೊತ್ತಾ? ಇಂಡಿಯಾಕ್ಕೆ ವಾಪಸ್ ಬಂದು ದೇಶಕ್ಕೆಲ್ಲ ಟೆಲಿಗ್ರಾಫ್ ತಂತಿ ಎಳೆದ. ಕಲ್ಕತ್ತಾ, ಆಗ್ರಾ, ಬೊಂಬಾಯಿ, ಮದರಾಸು ಎಲ್ಲ 1855ರ ಹೊತ್ತಿಗೆ ಅವನ ತಂತಿಯಲ್ಲಿ ಮಾತಾಡುತ್ತಿದ್ದವು. ಡ್ರಿಪ್ಪು, ಗಾಂಜಾ, ತಂತಿ... ಒಂದೇ ಆಯುಸ್ಸಿನಲ್ಲಿ! ಇಂಥವನ ಹೆಸರು ನಮ್ಮ ಶಾಲೆಯ ಪುಸ್ತಕದಲ್ಲಿ ನಾನಂತೂ ಓದಿದ ನೆನಪಿಲ್ಲ.

ಇಷ್ಟೆಲ್ಲ ಆದ ಮೇಲೆ ಗಾಂಜಾ ಯಾಕೆ ಸೋತಿತು, ಅಫೀಮು ಯಾಕೆ ಗೆದ್ದಿತು? ಧರ್ಮವೂ ಅಲ್ಲ ಕಾನೂನೂ ಅಲ್ಲ, ಮೊದಲ ಕಾರಣ ಬಹಳ ಸಾದಾ: ನೀರು. ಜರ್ಮನಿಯ ಔಷಧಿ ಅಂಗಡಿಯ ಹುಡುಗ ಸರ್ಟ್ಯೂರ್ನರ್ 1804-05ರ ಹೊತ್ತಿಗೇ ಅಫೀಮಿನಿಂದ ಮಾರ್ಫಿನ್ ಬೇರ್ಪಡಿಸಿದ್ದ. ಅದರ ಲವಣ ನೀರಲ್ಲಿ ಕರಗುತ್ತೆ, ತೂಕ ಮಾಡಿ ಕೊಡಬಹುದು. 1850ರ ದಶಕದಲ್ಲಿ ಇಂಜೆಕ್ಷನ್ ಸೂಜಿ ಬಂತು. ಸೂಜಿಯಲ್ಲಿ ಚುಚ್ಚಿದರೆ ಕೆಲವೇ ನಿಮಿಷದಲ್ಲಿ ನೋವು ಶಮನ. ಗಾಂಜಾದ ಸಾರವೋ ಎಣ್ಣೆ ಥರ, ನೀರಲ್ಲಿ ಕರಗಲ್ಲ, ಸೂಜಿಗೆ ಬಗ್ಗಲ್ಲ. ಒಂದು ಸೀಸೆಯ ಹತ್ತು ಹನಿಗೆ ಏನೂ ಆಗಲ್ಲ, ಇನ್ನೊಂದು ಸೀಸೆಯ ಹತ್ತು ಹನಿಗೆ ರೋಗಿ ಗೋಡೆ ಜೊತೆ ಮಾತಾಡ್ತಾನೆ. ಯಾವ ಡಾಕ್ಟರು ನೆಚ್ಚಿಕೊಳ್ತಾನೆ ಹೇಳಿ? ದೊಡ್ಡಪ್ಪನ ಒಳ್ಳೇ ರಾತ್ರಿ, ಕೆಟ್ಟ ರಾತ್ರಿಗಳ ಲೆಕ್ಕವೂ ಬಹುಶಃ ಇದೇ. ಗಾಂಜಾ 1932ರಲ್ಲಿ ಬ್ರಿಟಿಷ್ ಔಷಧಕೋಶದಿಂದಲೂ 1942ರಲ್ಲಿ ಅಮೆರಿಕದ ಔಷಧಕೋಶದಿಂದಲೂ ಹೊರಗೆ ಹೋಯಿತು. ಅದರೊಳಗಿನ ಮುಖ್ಯ ವಸ್ತು ಟಿಎಚ್‌ಸಿಯನ್ನು ಇಸ್ರೇಲಿನ ರಾಫೆಲ್ ಮೆಕೂಲಂ ತಂಡ ಶುದ್ಧವಾಗಿ ಬೇರ್ಪಡಿಸಿದ್ದು 1964ರಲ್ಲಿ. ಮಾರ್ಫಿನ್‌ಗಿಂತ 160 ವರ್ಷ ತಡ!

ನಡುವೆ ಒಂದು ದೊಡ್ಡ ತನಿಖೆ ನಡೆಯಿತು. 1893ರಲ್ಲಿ ಕೇನ್ ಅನ್ನೋ ಪಾನವಿರೋಧಿ ಎಂಪಿ ಲಂಡನ್ ಪಾರ್ಲಿಮೆಂಟಿನಲ್ಲಿ, ಇಂಡಿಯಾದಲ್ಲಿ ಗಾಂಜಾ ಸೇದಿ ಜನ ಹುಚ್ಚರಾಗ್ತಿದ್ದಾರಂತೆ, ವಿಚಾರಣೆ ಮಾಡಿಸಿ ಅಂದ. ಮ್ಯಾಕ್‌ವರ್ತ್ ಯಂಗ್ ಅಧ್ಯಕ್ಷತೆಯಲ್ಲಿ ಏಳು ಜನರ ಆಯೋಗ ಆಯಿತು, ಅದರಲ್ಲಿ ಮೂವರು ಭಾರತೀಯರು. 1193 ಸಾಕ್ಷಿಗಳು. ಡಾಕ್ಟರು, ತಹಸೀಲ್ದಾರ, ಪಾದ್ರಿ, ವೈದ್ಯ, ಹಕೀಮ, ಬೆಳೆಗಾರ ಎಲ್ಲರನ್ನೂ ಕೇಳಿದರು. ವರದಿ 3000 ಪುಟ ದಾಟಿತು. ನನಗೆ ತುಂಬಾ ಹಿಡಿಸಿದ್ದು ಹುಚ್ಚಾಸ್ಪತ್ರೆಯ ಭಾಗ. (ನಮ್ಮ ಬೆಂಗಳೂರಿನಲ್ಲೂ 1840ರ ದಶಕದಲ್ಲೇ ಒಂದು ಇತ್ತು, ಅದೇ ಇವತ್ತಿನ ನಿಮ್ಹಾನ್ಸ್‌ನ ಮೂಲ.) ಆಸ್ಪತ್ರೆಗಳ ರಿಜಿಸ್ಟರಿನಲ್ಲಿ ಹುಚ್ಚಿಗೆ ಕಾರಣ 'ಗಾಂಜಾ' ಅಂತ ಸಾಲುಸಾಲಾಗಿ ಬರೆದಿತ್ತು. ಆಯೋಗದವರು ಒಂದೊಂದೇ ಕೇಸು ಹಿಡಿದು ಹಿಂದಕ್ಕೆ ಹೋಗಿ ನೋಡಿದರು. ಬರೆದವರು ಯಾರು? ಆಸ್ಪತ್ರೆ ಗುಮಾಸ್ತ. ಅವನಿಗೆ ಹೇಳಿದ್ದು ಯಾರು? ಕರೆದುಕೊಂಡು ಬಂದ ಪೊಲೀಸಿನವನ ಕಾಗದ. ಫಾರಂನಲ್ಲಿ 'ಕಾರಣ' ಅಂತ ಒಂದು ಕಾಲಂ ಇತ್ತು, ಖಾಲಿ ಬಿಡೋ ಹಾಗಿಲ್ಲ, ಗಾಂಜಾ ಅಂತ ತುಂಬಿಸಿದರು, ಅಷ್ಟೇ! ಸರ್ಕಾರಿ ಫಾರಂ ತುಂಬಿದವರಿಗೆಲ್ಲ ಇದು ಅರ್ಥವಾಗುತ್ತೆ.

ಹಾಗಂತ ಆಯೋಗ ಗಾಂಜಾವನ್ನು ಹೊಗಳಲಿಲ್ಲ. ಮಿತವಾಗಿ ಬಳಸಿದರೆ ಹೇಳಿಕೊಳ್ಳುವಂಥ ಕೆಡುಕಿಲ್ಲ, ಅತಿಯಾದರೆ ಕೆಡುಕಿದೆ, ಕೆಲವರಿಗೆ ತಲೆ ಕೆಡಿಸುವುದೂ ಉಂಟು, ಪೂರ್ತಿ ನಿಷೇಧ ಬೇಡ, ಲೈಸನ್ಸು ಮತ್ತು ತೆರಿಗೆಯಿಂದ ಹಿಡಿತದಲ್ಲಿಡಿ ಅಂದಿತು. ನಿಷೇಧಿಸಿದರೆ ಜನ ಇನ್ನೂ ಕೆಟ್ಟದ್ದಕ್ಕೆ ಹೋದಾರು ಅನ್ನೋ ಭಯವೂ ಅದಕ್ಕಿತ್ತು. ಭಾರತೀಯ ಸದಸ್ಯರಲ್ಲಿ ಇಬ್ಬರು ಇದನ್ನು ಪೂರ್ತಿ ಒಪ್ಪದೆ ಬೇರೆ ಟಿಪ್ಪಣಿ ಬರೆದರು. ನೋವಿಗೆ, ಭೇದಿಗೆ, ನಿದ್ದೆಗೆ ವೈದ್ಯರು ಕೊಡ್ತಾರೆ, ದನಗಳಿಗೂ ಕೊಡ್ತಾರೆ ಅನ್ನೋದೆಲ್ಲ ಅದರಲ್ಲಿ ದಾಖಲಾಗಿದೆ. ಸರ್ಕಾರಕ್ಕೆ ತೆರಿಗೆಯ ಆಸೆ ಇತ್ತು ಅನ್ನೋದನ್ನೂ ಮರೆಯಬಾರದು. ಅದೇ ವರ್ಷಗಳಲ್ಲಿ ಅಫೀಮಿನ ಬಗ್ಗೆ ಕೂತಿದ್ದ ರಾಯಲ್ ಕಮಿಷನ್ ಕೂಡ ಅಫೀಮಿನ ವ್ಯಾಪಾರವನ್ನು ಹೆಚ್ಚುಕಮ್ಮಿ ಸಮರ್ಥಿಸಿಯೇ ಎದ್ದಿತು. ಆ ದುಡ್ಡು ಅಂಥದ್ದು.

ನಮ್ಮ ಮೈಸೂರು ಸಂಸ್ಥಾನದ ವಾರ್ಷಿಕ ಆಡಳಿತ ವರದಿಗಳಲ್ಲೂ ಅಬಕಾರಿ ಅಧ್ಯಾಯದಲ್ಲಿ ಸಾರಾಯಿ, ಈಚಲು ಹೆಂಡದ ಜೊತೆಗೆ ಗಾಂಜಾ, ಅಫೀಮಿನ ಆದಾಯ ಬರುತ್ತೆ. ಜಗಲಿಯ ಅಜ್ಜ ಹೇಳಿದ್ದು ಸುಳ್ಳಲ್ಲ. ಆಗ ನಾಗಮಂಗಲ ಮೈಸೂರು ಜಿಲ್ಲೆಯಲ್ಲಿತ್ತು, ಮಂಡ್ಯ ಜಿಲ್ಲೆಯಾದದ್ದು 1939ರಲ್ಲಿ. ಅತ್ತಾಗ ಕೂಸಿಗೆ ಸಾಸಿವೆಯಷ್ಟು ಅಫೀಮು ನೆಕ್ಕಿಸಿ ಕಳೆ ಕೀಳೋಕೆ ಹೋಗ್ತಿದ್ದ ತಾಯಂದಿರ ವಿಷಯ ನಮ್ಮಜ್ಜಿ ಹೇಳುತ್ತಿದ್ದಳು. ಕೆಲವು ಕೂಸು ಏಳುತ್ತಲೇ ಇರಲಿಲ್ಲವಂತೆ. ಹಳೇ ಕಾಲ ಚೆನ್ನಾಗಿತ್ತು ಅನ್ನೋರಿಗೆ ಇದನ್ನೂ ಹೇಳಬೇಕು.

ಆಮೇಲಿನದ್ದು ಬೇಗ ಹೇಳಿಬಿಡ್ತೀನಿ. 1925ರ ಜಿನೀವಾ ಒಪ್ಪಂದದಲ್ಲಿ ಈಜಿಪ್ಟ್ ಹಠ ಹಿಡಿದು ಗಾಂಜಾವನ್ನೂ ಪಟ್ಟಿಗೆ ಸೇರಿಸಿತು. 1930ರಲ್ಲಿ ಇಲ್ಲಿ ಅಪಾಯಕಾರಿ ಔಷಧಗಳ ಕಾನೂನು ಬಂತು. ಸ್ವಾತಂತ್ರ್ಯ ಬಂದ ಮೇಲೆ 1959ಕ್ಕೆ ಅಫೀಮು ತಿನ್ನೋದನ್ನು ನಿಲ್ಲಿಸಲಾಯಿತು, ಔಷಧಿಗೆ ಮಾತ್ರ ಅಂತಾಯಿತು. 1961ರ ವಿಶ್ವಸಂಸ್ಥೆಯ ಒಪ್ಪಂದ ಗಾಂಜಾವನ್ನು ಹೆರಾಯಿನ್ ಪಕ್ಕ ಕೂರಿಸಿತು. ನಮ್ಮ ದೇಶದವರು ಜಗಳ ಆಡಿ ಎಲೆ ಮತ್ತು ಬೀಜವನ್ನು ಹೊರಗಿಡಿಸಿದರು, ಬಾಕಿಯದಕ್ಕೆ 25 ವರ್ಷ ಗಡುವು ತೆಗೆದುಕೊಂಡರು. ಗಡುವು ಮುಗಿಯುವ ಹೊತ್ತಿಗೆ, 1985ರ ನವೆಂಬರ್ 14ರಂದು, ಎನ್‌ಡಿಪಿಎಸ್ ಕಾನೂನು ಜಾರಿಗೆ ಬಂತು. ಕನಿಷ್ಠ ಹತ್ತು ವರ್ಷದ ಶಿಕ್ಷೆ ಇದ್ದ ಕಾನೂನು.

ಈ ಕಾನೂನು ಹೊಡೆದದ್ದು ಗಾಂಜಾವನ್ನು ಅಂತ ಎಲ್ಲರಿಗೂ ಗೊತ್ತು. ಅದಕ್ಕಿಂತ ಜೋರಾಗಿ ಹೊಡೆದದ್ದು ಮಾರ್ಫಿನ್ನನ್ನು. ಒಂದು ಆಸ್ಪತ್ರೆ ಮಾರ್ಫಿನ್ ತರಿಸಬೇಕಾದರೆ ನಾಲ್ಕೈದು ಲೈಸನ್ಸು ಬೇಕು: ಇಟ್ಟುಕೊಳ್ಳೋಕೆ ಒಂದು, ಆ ರಾಜ್ಯದಿಂದ ಹೊರಗೆ ತರೋಕೆ ಒಂದು, ಈ ರಾಜ್ಯಕ್ಕೆ ಒಳಗೆ ತರೋಕೆ ಒಂದು, ಸಾಗಿಸೋಕೆ ಒಂದು. ಎಲ್ಲವೂ ಒಂದೇ ಹೊತ್ತಿನಲ್ಲಿ ಚಾಲ್ತಿಯಲ್ಲಿರಬೇಕು. ಒಂದು ಬರೋ ಹೊತ್ತಿಗೆ ಇನ್ನೊಂದರ ಅವಧಿ ಮುಗಿದಿರುತ್ತೆ. ಲೆಕ್ಕದಲ್ಲಿ ತಪ್ಪಾದರೆ ಡಾಕ್ಟರೇ ಜೈಲಿಗೆ. ಯಾವ ಆಸ್ಪತ್ರೆಗೆ ಬೇಕು ಈ ತಲೆನೋವು? ಇಟ್ಟುಕೊಳ್ಳೋದನ್ನೇ ಬಿಟ್ಟರು. 1985ರಿಂದ 1997ರೊಳಗೆ ದೇಶದ ಮಾರ್ಫಿನ್ ಬಳಕೆ 97% ಕುಸಿದು, 1997ರಲ್ಲಿ ಇಡೀ ಭಾರತಕ್ಕೆ 18 ಕೆಜಿ ಆಯಿತು. ಹದಿನೆಂಟು ಕೆಜಿ! ಮಧ್ಯಪ್ರದೇಶ, ರಾಜಸ್ಥಾನ, ಉತ್ತರಪ್ರದೇಶದ ಹೊಲಗಳಲ್ಲಿ ಸರ್ಕಾರದ ಲೈಸನ್ಸಿನಲ್ಲೇ ಅಫೀಮು ಬೆಳೆದು, ನೀಮಚ್, ಗಾಜಿಪುರದ ಕಾರ್ಖಾನೆಗಳಲ್ಲಿ ಸಂಸ್ಕರಿಸಿ ಜಗತ್ತಿಗೆಲ್ಲ ಕಳಿಸ್ತಿದ್ದ ದೇಶ ನಮ್ಮದು. ಅಣ್ಣ ಮೂರು ಊರು ಸುತ್ತಿದ್ದು ಯಾಕೆ ಅಂತ ನನಗೆ ಅರ್ಥವಾದದ್ದು ಈ ಅಂಕಿ ಓದಿದ ದಿನ.

ಆ ಕಾಲದಲ್ಲೇ ಅಮೆರಿಕದಲ್ಲಿ ಏನಾಗ್ತಿತ್ತು ನೋಡಿ. 1996ರಲ್ಲಿ ಪರ್ಡ್ಯೂ ಅನ್ನೋ ಕಂಪನಿ ಆಕ್ಸಿಕಾಂಟಿನ್ ಮಾತ್ರೆ ಬಿಟ್ಟಿತು, ಚಟ ಹತ್ತೋದು ಬಹಳ ಅಪರೂಪ ಅಂತ ಡಾಕ್ಟರುಗಳನ್ನು ನಂಬಿಸಿತು. ಬೆನ್ನುನೋವಿಗೆ, ಹಲ್ಲುನೋವಿಗೆ ಎಲ್ಲದಕ್ಕೂ ಕೊಟ್ಟರು. 2007ರಲ್ಲಿ ಒಮ್ಮೆ, 2020ರಲ್ಲಿ ಇನ್ನೊಮ್ಮೆ ತಪ್ಪೊಪ್ಪಿಗೆ ಆಯಿತು, ಅಷ್ಟರಲ್ಲಿ ಊರಿಗೆ ಊರೇ ಮುಳುಗಿತ್ತು. 2021 ಒಂದೇ ವರ್ಷದಲ್ಲಿ ಅಫೀಮು ಜಾತಿಯ ಮದ್ದುಗಳಿಂದ ಅಲ್ಲಿ 80,000ಕ್ಕೂ ಹೆಚ್ಚು ಜನ ಸತ್ತರು. ಅಷ್ಟು ಹೊತ್ತಿಗೆ ಅದರಲ್ಲಿ ಮುಕ್ಕಾಲುಪಾಲು ಬೀದಿಯ ಫೆಂಟನಿಲ್. ಕಾಕತಾಳೀಯವೋ ಏನೋ, ಅದೇ 1996ರಲ್ಲಿ ಕ್ಯಾಲಿಫೋರ್ನಿಯಾದ ಜನ ಮತ ಹಾಕಿ ರೋಗಿಗಳಿಗೆ ಗಾಂಜಾ ಕೊಡಬಹುದು ಅಂತ ಕಾನೂನು ಮಾಡಿಕೊಂಡರು. ಮುಂದಿನ ವರ್ಷವೇ ನಮ್ಮ 18 ಕೆಜಿ.

ಗಾಂಜಾ ಪರವಾಗಿ ಒಂದು ಗಟ್ಟಿ ವಾದ ಇದೆ. ಮಾರ್ಫಿನ್ ಜಾತಿಯ ಮದ್ದು ನೋವಿನ ಬಾಗಿಲಿಗೆ ಬೀಗ ಹಾಕುವ ಹಾಗೇ ಮಿದುಳಿನ ಕಾಂಡದಲ್ಲಿ ಉಸಿರಾಟದ ಬಾಗಿಲಿಗೂ ಹಾಕುತ್ತೆ, ಹೆಚ್ಚಾದರೆ ಉಸಿರು ನಿಲ್ಲುತ್ತೆ. ಗಾಂಜಾ ಹೋಗಿ ಕೂರುವ ಗ್ರಾಹಕಗಳು ಆ ಜಾಗದಲ್ಲಿ ಕಡಿಮೆ, ಹಾಗಾಗಿ ಉಸಿರು ನಿಂತು ಸಾಯೋದಿಲ್ಲ. ನಮ್ಮ ಮೈಯೇ ಅಂಥ ಒಂದು ವಸ್ತು ಮಾಡಿಕೊಳ್ಳುತ್ತೆ ಅಂತ 1992ರಲ್ಲಿ ಮೆಕೂಲಂ ತಂಡ ಕಂಡುಹಿಡಿದು ಅದಕ್ಕೆ ಇಟ್ಟ ಹೆಸರು ಆನಂದಮೈಡ್. ನಮ್ಮ 'ಆನಂದ'ದಿಂದಲೇ!

ಆದರೆ ಬದಲಿ ಆಗುತ್ತಾ ಅನ್ನೋದು ಬೇರೆ ಪ್ರಶ್ನೆ. 2014ರಲ್ಲಿ ಒಂದು ಅಧ್ಯಯನ ಬಂತು: ಗಾಂಜಾ ಕಾನೂನು ಮಾಡಿದ ರಾಜ್ಯಗಳಲ್ಲಿ 1999ರಿಂದ 2010ರವರೆಗೆ ಅಫೀಮು ಮದ್ದಿನ ಸಾವು ಸುಮಾರು 25% ಕಡಿಮೆ ಅಂತ. ಎಲ್ಲ ಕಡೆ ಸಂಭ್ರಮ. 2019ರಲ್ಲಿ ಬೇರೆಯವರು ಅದೇ ಲೆಕ್ಕವನ್ನು 2017ರವರೆಗೆ ಎಳೆದು ನೋಡಿದರು. ಉಲ್ಟಾ ಹೊಡೆಯಿತು, ಸುಮಾರು 23% ಜಾಸ್ತಿ! ಅಂದರೆ ಮೊದಲಿನದೂ ಗಾಂಜಾದ ಮಹಿಮೆ ಅಲ್ಲ, ಎರಡನೆಯದೂ ಗಾಂಜಾದ ತಪ್ಪಲ್ಲ, ರಾಜ್ಯಗಳ ಲೆಕ್ಕದಿಂದ ರೋಗಿಯ ವಿಷಯ ಹೇಳೋಕಾಗಲ್ಲ. 2017ರಲ್ಲಿ ಅಮೆರಿಕದ ವಿಜ್ಞಾನ ಅಕಾಡೆಮಿಗಳು ದೊಡ್ಡವರ ದೀರ್ಘಕಾಲದ ನೋವಿಗೆ ಇದು ಕೆಲಸ ಮಾಡುತ್ತೆ ಅನ್ನೋದಕ್ಕೆ ಸಾಕಷ್ಟು ಆಧಾರ ಇದೆ ಅಂದವು. 2021ರಲ್ಲಿ ನೋವಿನ ತಜ್ಞರ ಅಂತರರಾಷ್ಟ್ರೀಯ ಸಂಘ, ಈಗಿರುವ ಆಧಾರ ಸಾಲದು, ನಾವು ಸಮರ್ಥಿಸೋದಿಲ್ಲ ಅಂದಿತು. ಹದಿಹರೆಯದಲ್ಲಿ ಹೆಚ್ಚು ಸೇದಿದವರಿಗೆ ಮನೋರೋಗದ ಅಪಾಯ ಹೆಚ್ಚು ಅನ್ನೋದೂ ನಿಜ. ನನಗನ್ನಿಸೋದು, ನರದ ನೋವು, ಕೀಮೋಥೆರಪಿಯ ವಾಂತಿ ಇಂಥ ಕಡೆ ಗಾಂಜಾಕ್ಕೆ ಒಂದು ಜಾಗ ಇದೆ. ದೊಡ್ಡಪ್ಪನಿಗೆ ಬಂದ ಥರದ ಕ್ಯಾನ್ಸರ್ ನೋವಿಗೆ ಮಾರ್ಫಿನ್‌ನ ಜಾಗದಲ್ಲಿ ಅದನ್ನು ಕೂರಿಸೋಕಾಗಲ್ಲ. ಅಮೆರಿಕದವರು ಅತಿಯಾಗಿ ಉಂಡು ಬದಲಿ ಹುಡುಕ್ತಿದ್ದಾರೆ. ನಮ್ಮ ಎಲೆಗೆ ಇನ್ನೂ ಬಡಿಸೇ ಇಲ್ಲ. 2017ರಲ್ಲಿ ಲ್ಯಾನ್ಸೆಟ್ ಆಯೋಗ ಹಾಕಿದ ಲೆಕ್ಕದಲ್ಲಿ ಒಬ್ಬ ಅಗತ್ಯವಿರುವ ರೋಗಿಗೆ ಅಮೆರಿಕದಲ್ಲಿ 55,000 ಮಿಲಿಗ್ರಾಂಗೂ ಹೆಚ್ಚು, ಭಾರತದಲ್ಲಿ 43 ಮಿಲಿಗ್ರಾಂ.

ಇತ್ತೀಚಿನದ್ದು ಒಂದಿಷ್ಟು. 2020ರ ಫೆಬ್ರವರಿಯಲ್ಲಿ ಕೋರಮಂಗಲದಲ್ಲಿ ಆಯುರ್ವೇದದ 'ವಿಜಯಾ' ಹೆಸರಲ್ಲಿ ಗಾಂಜಾ ಎಲೆಯ ಔಷಧಿ ಬರೆದುಕೊಡುವ ಕ್ಲಿನಿಕ್ ಶುರುವಾಯಿತು. ಅದೇ ವರ್ಷ ಡಿಸೆಂಬರಿನಲ್ಲಿ ವಿಶ್ವಸಂಸ್ಥೆಯ ಆಯೋಗ 27-25 ಮತಗಳಿಂದ ಗಾಂಜಾವನ್ನು ಅತಿ ಅಪಾಯಕಾರಿ ಪಟ್ಟಿಯಿಂದ ತೆಗೆಯಿತು, ಭಾರತ ತೆಗೆಯಿರಿ ಅಂತ ಮತ ಹಾಕಿತು. 2022ರ ಆಗಸ್ಟಿನಲ್ಲಿ ನಮ್ಮ ಹೈಕೋರ್ಟು, ಬೆಂಗಳೂರಿನಲ್ಲಿ ಭಂಗಿ ಸಮೇತ ಸಿಕ್ಕಿಬಿದ್ದವನಿಗೆ ಜಾಮೀನು ಕೊಡುವಾಗ, ಭಂಗಿ ಎನ್‌ಡಿಪಿಎಸ್ ಕಾನೂನಿನ ಗಾಂಜಾ ಅಲ್ಲ ಅಂದಿತು. ಎಲೆ ಬೇರೆ, ಹೂ ತುದಿ ಬೇರೆ ಅಂತ ಆಗಲೇ ಹೇಳಿದ್ದೆನಲ್ಲ, ಅದು ಇಲ್ಲಿ ಕೆಲಸಕ್ಕೆ ಬಂತು. ಹಾಗಂತ ಹಿತ್ತಲಲ್ಲಿ ಗಿಡ ಹಾಕಬೇಡಿ, ಬೆಳೆಯೋದು ಅಪರಾಧವೇ, ರಾಜ್ಯದ ಅಬಕಾರಿ ಕಾನೂನೂ ಬೇರೆ ಇದೆ.

ಮಾರ್ಫಿನ್ ವಿಷಯದಲ್ಲಿ ಆದ ಒಳ್ಳೆಯದಕ್ಕೆ ಮುಖ್ಯ ಕಾರಣ ನಮ್ಮ ಪಕ್ಕದ ಕೇರಳದವರು. ಡಾ. ಎಂ. ಆರ್. ರಾಜಗೋಪಾಲ್ ಮತ್ತು ಸಂಗಡಿಗರು 1993ರಲ್ಲಿ ಕ್ಯಾಲಿಕಟ್‌ನಲ್ಲಿ ನೋವು ಉಪಶಮನ ಸೊಸೈಟಿ ಕಟ್ಟಿ, ಇಪ್ಪತ್ತು ವರ್ಷ ಬೆನ್ನುಬಿಡದೆ ಓಡಾಡಿದರು. ಬೆಂಗಳೂರಿನಲ್ಲಿ ಕರುಣಾಶ್ರಯ 1990ರ ದಶಕದಿಂದ ಕೊನೇ ಹಂತದ ಕ್ಯಾನ್ಸರ್ ರೋಗಿಗಳನ್ನು ದುಡ್ಡು ತೆಗೆದುಕೊಳ್ಳದೆ ನೋಡಿಕೊಳ್ತಿದೆ. 2014ರಲ್ಲಿ ಕೊನೆಗೂ ಎನ್‌ಡಿಪಿಎಸ್ ತಿದ್ದುಪಡಿಯಾಯಿತು. 'ಅಗತ್ಯ ಮಾದಕ ಔಷಧಿ' ಅಂತ ಹೊಸ ವರ್ಗ ಮಾಡಿ ಮಾರ್ಫಿನ್ನನ್ನು ಅದರಲ್ಲಿ ಸೇರಿಸಿದರು. ನಾಲ್ಕೈದು ಲೈಸನ್ಸಿನ ಬದಲು ಆಸ್ಪತ್ರೆಗೆ ರಾಜ್ಯದ ಔಷಧ ನಿಯಂತ್ರಕರ ಒಂದೇ ಮಾನ್ಯತೆ ಸಾಕು. ರೋಗಿಯ ಮನೆಯವರಿಗೆ ಯಾವ ಲೈಸನ್ಸೂ ಬೇಡ, ಡಾಕ್ಟರ ಚೀಟಿ ಸಾಕು. ಎಲ್ಲ ಮೆಡಿಕಲ್ ಶಾಪಲ್ಲಿ ಸಿಗಲ್ಲ, ಮಾನ್ಯತೆ ಇರುವ ಆಸ್ಪತ್ರೆಯಲ್ಲಿ ಕೇಳಬೇಕು. ಯಾರ ಮನೆಯಲ್ಲಾದರೂ ಇಂಥ ಕಾಯಿಲೆಯವರಿದ್ದರೆ "ನೋವಿಗೆ ಏನು ಕೊಡ್ತೀರಿ, ಮಾರ್ಫಿನ್ ಇದೆಯಾ, ಇಲ್ಲದಿದ್ದರೆ ಎಲ್ಲಿದೆ" ಅಂತ ಬಾಯಿಬಿಟ್ಟು ಕೇಳಿ. ಹೇಳಿದಷ್ಟೇ ತಗೊಂಡರೆ ಕ್ಯಾನ್ಸರ್ ರೋಗಿಗೆ ಚಟ ಹತ್ತೋದು ಅಪರೂಪ, ಮಲಬದ್ಧತೆಗೆ ಮಾತ್ರ ಜೊತೆಗೇ ಔಷಧಿ ಬೇಕು.

ಇದನ್ನೆಲ್ಲ ದೊಡ್ಡಮ್ಮನಿಗೆ ಹೇಳಿದೆ. ಓಶಾನೆಸ್ಸಿ ಕಥೆ ಕೇಳಿ ನಕ್ಕಳು, ಮೀನಿಗೂ ಕುಡಿಸಿದ್ನಾ ಅಂದಳು. ಹದಿನೆಂಟು ಕೆಜಿ ಅಂದಾಗ, ಅಂದ್ರೆ ಎಷ್ಟು ಚೀಲ ಅಂತ ಕೇಳಿದಳು. ಒಂದು ಚೀಲವೂ ತುಂಬಲ್ಲ ಅಂದೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, "ನಾನು ಅರೆದು ಕೊಟ್ಟಿದ್ದು ಜಾಸ್ತಿ ಆಗೋಗಿತ್ತಾ?" ಅಂತ ಕೇಳಿದಳು. ಇಪ್ಪತ್ತು ವರ್ಷದಿಂದ ಇಟ್ಟುಕೊಂಡಿದ್ದ ಪ್ರಶ್ನೆ ಅದು. ಇಲ್ಲ ದೊಡ್ಡಮ್ಮ, ಅದರಿಂದ ಉಸಿರು ನಿಲ್ಲಲ್ಲ ಅಂದೆ.